ಜಡಿಮಳೆಗೊಂದು ಕೈಕೆಲಸ: ನಮ್ಮ ಕಡೆ ಹವೆಗೆ ತಕ್ಕ ಹಾಗೆ ನಿಟ್ಟಿಂಗ್, ಕ್ರೋಶಾ, ತಕಲಿ ಶುರು ಮಾಡೋದು

ಮೊದ್ಲೇ ಹೇಳಿಬಿಡ್ತೇನೆ, ಶಿರಸಿ, ಕುಮಟಾ, ಅಂಕೋಲಾ, ಕಾರವಾರ ಕಡೆ ಇರೋರು ನಿಟ್ಟಿಂಗ್ ಕಲೀಬೇಕು ಅಂತ ಹೊರಟ್ರೆ ದಪ್ಪ ಉಲ್ಲನ್ ತಗಂಡು ಸ್ವೆಟರಿಂದ ಶುರು ಮಾಡ್ಬೇಡಿ. ಯೂಟ್ಯೂಬಲ್ಲಿ ಕಲಿಸೋರು ಹೆಚ್ಚಿನವ್ರು ಚಳಿ ದೇಶದವ್ರು, ಇಲ್ಲಾ ಉತ್ತರ ಭಾರತದವ್ರು, ಅವ್ರಿಗೆ ಸ್ವೆಟರ್ ಬೇಕು. ಕಾರವಾರದಲ್ಲಿ ಸ್ವೆಟರ್ ಹಾಕ್ಕಂಡು ಎಲ್ಲಿಗೆ ಹೋಗೋದು ಮಾರಾಯ್ರೆ? ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಡಿಸೆಂಬರ್ ಜನವರಿ ಬೆಳಿಗ್ಗೆ ಹೊತ್ತು ಬೇಕಾಗ್ತದೆ ನಿಜ, ಆದ್ರೆ ಉಳಿದ ದಿನ ಎಲ್ಲಾ ಅದು ಟ್ರಂಕಲ್ಲೇ ಬೂಷ್ಟು ಹಿಡೀತಾ ಕೂತಿರ್ತದೆ. ನಮ್ಮ ಹವೆಗೆ ಹೊಂದೋದು ಹತ್ತಿ ದಾರ. ತೊಳೆದ್ರೆ ಕೊಳೆ ಬಿಡ್ತದೆ, ಬೆವರು ಹೀರ್ತದೆ, ನುಸಿ ತಿನ್ನಲ್ಲ.

ಇನ್ನೊಂದು, ವರ್ಷಕ್ಕೆ 3000 ಮಿಲಿಮೀಟರ್ ಮಳೆ ಹೊಯ್ಯೋ ಊರಲ್ಲಿ ಹಪ್ಪಳ ಮೆತ್ತಗಾಗ್ತದೆ, ಬೆಂಕಿಪೊಟ್ಣ ಹೊತ್ಕಳಲ್ಲ ಅಂತ ಬೈಕೊಳ್ತೇವಲ್ಲ, ಅದೇ ಹಸಿ ಗಾಳಿ ಹತ್ತಿ ನೂಲೋದಕ್ಕೆ ಬಹಳ ಒಳ್ಳೇದು. ಹತ್ತಿ ಎಳೆ ತೇವ ಇದ್ದಾಗ ಗಟ್ಟಿ ಆಗ್ತದೆ, ಒಣ ಗಾಳಿಯಲ್ಲಿ ತಟಕ್ಕನೆ ಹರೀತದೆ. ಹತ್ತಿ ಮಿಲ್ಲುಗಳಲ್ಲಿ ಬೇಕಂತಲೇ ಗಾಳಿಗೆ ನೀರಿನ ಹಬೆ ಬಿಡ್ತಾರೆ, ಆ ಸೌಕರ್ಯ ನಮಗೆ ಜೂನಿಂದ ಸೆಪ್ಟೆಂಬರ್ ತನಕ ಜಗಲಿ ಮೇಲೇ ಪುಕ್ಕಟೆ ಸಿಗ್ತದೆ. ಹಾಗಾಗಿ ಮಳೆಗಾಲ ನೂಲೋದಕ್ಕೆ, ಹೆಣಿಯೋದಕ್ಕೆ, ಬಿಸಿಲುಗಾಲ ತೊಳೆಯೋದಕ್ಕೆ, ಬಣ್ಣ ಹಾಕೋದಕ್ಕೆ ಅಂತ ಇಟ್ಕಳಿ, ಅರ್ಧ ತಲೆಬಿಸಿ ಅಲ್ಲೇ ಕಮ್ಮಿ ಆಗ್ತದೆ.

ದಾರ ತರೋ ಮೊದ್ಲು ಒಂದು ಕಡ್ಡಿ ಗೀರಿ

ನಮ್ಮ ಕಡೆ ಫ್ಯಾನ್ಸಿ ಅಂಗಡಿಯಲ್ಲಿ ಯಾವ ದಾರ ಕೇಳಿದ್ರೂ "ಉಲ್ಲನ್" ಅಂತಲೇ ಕೊಡೋದು. ಅದ್ರಲ್ಲಿ ಹೆಚ್ಚಿನದು ಅಕ್ರಿಲಿಕ್, ಅಂದ್ರೆ ಪ್ಲಾಸ್ಟಿಕ್ ಜಾತಿ. ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ, ಅಗ್ಗ, ಬಣ್ಣ ಚಂದ, ಕಲಿಯೋವಾಗ ಹತ್ತು ಸಲ ಬಿಚ್ಚಿ ಹಾಕಿದ್ರೂ ತಡೀತದೆ. ಆದ್ರೆ ಯಾವುದು ಎಂತದು ಅಂತ ಗೊತ್ತಿರಬೇಕು. ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿಕಡ್ಡಿ ತಾಗಿಸಿ ನೋಡಿ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳೀತದೆ, ಬೆರಳಲ್ಲಿ ಉಜ್ಜಿದ್ರೆ ಪುಡಿ. ನಿಜವಾದ ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ ಕೂಡ್ಲೇ ತಾನೇ ಆರ್ತದೆ. ಅಕ್ರಿಲಿಕ್ ಕರಗ್ತದೆ, ತುದಿಯಲ್ಲಿ ಕಪ್ಪು ಗಟ್ಟಿ ಮಣಿ ಆಗ್ತದೆ, ಅದನ್ನ ಬಿಸಿ ಇರೋವಾಗ ಮುಟ್ಟಬೇಡಿ. ಕರಗೋ ದಾರದಿಂದ ಅಡುಗೆಮನೆಗೆ ಯಾವ ವಸ್ತೂ ಹೆಣಿಬಾರ್ದು, ಬಿಸಿ ಪಾತ್ರೆ ಹಿಡಿಯೋಕೆ ಅಂತೂ ಬೇಡವೇ ಬೇಡ.

ಕಡ್ಡಿ ವಿಷಯ. ಇಲ್ಲಿ ಸಿಗೋ ನಿಟ್ಟಿಂಗ್ ಕಡ್ಡಿಗಳಲ್ಲಿ ಹಳೇ ಬ್ರಿಟಿಷ್ ನಂಬರ್ ಇರ್ತದೆ, ಅದು ಉಲ್ಟಾ, ನಂಬರ್ ಜಾಸ್ತಿ ಆದ ಹಾಗೆ ಕಡ್ಡಿ ತೆಳು. 8ನೇ ನಂಬರ್ ಅಂದ್ರೆ 4 ಮಿಲಿಮೀಟರ್, 10 ಅಂದ್ರೆ 3.25. ಶುರುವಿಗೆ 8ನೇ ನಂಬರ್ ಸಾಕು. ಕರಾವಳಿಯ ಉಪ್ಪು ಗಾಳಿಗೆ ಕಬ್ಬಿಣದ್ದು ಏನಿದ್ರೂ ತುಕ್ಕು ಹಿಡಿದು ಬಿಳಿ ದಾರಕ್ಕೆ ಕಂದು ಗೆರೆ ಎಳೀತದೆ, ಅದಕ್ಕೆ ಬಿದಿರಿನ ಕಡ್ಡಿ ಸಿಕ್ರೆ ತಗಳಿ. ಬಿದಿರು ಸ್ವಲ್ಪ ಒರಟು ಇರೋದ್ರಿಂದ ಹೊಸಬರಿಗೆ ಕುಣಿಕೆ ಜಾರೋದೂ ಕಮ್ಮಿ. ಮತ್ತೆ ಕ್ರೋಶಾ ದಾರದಲ್ಲೂ ಅದೇ ಉಲ್ಟಾ ಲೆಕ್ಕ, 40ನೇ ನಂಬರ್ ದಾರ 20ಕ್ಕಿಂತ ತೆಳು. ಅಮ್ಮಮ್ಮನ ಕಾಲದ ಟೇಬಲ್ ಕ್ಲಾತ್ ನೋಡಿ ಆಸೆಪಟ್ಟು ಮೊದ್ಲನೇ ಸಲವೇ 40 ತಂದ್ರೆ ಕಣ್ಣು, ತಾಳ್ಮೆ ಎರಡೂ ಹೋಗ್ತದೆ.

ಮೊದಲ ಹೆಣಿಗೆ: ಮಸಿಬಟ್ಟೆ

ಮಫ್ಲರ್ ಹೆಣಿರಿ ಅಂತ ಎಲ್ಲರೂ ಹೇಳ್ತಾರೆ. ನನ್ನ ಪ್ರಕಾರ ನಮ್ಮೂರಲ್ಲಿ ಮಸಿಬಟ್ಟೆಯೇ ಸರಿ, ಎರಡು ಮೂರು ಸಂಜೆಯಲ್ಲಿ ಮುಗೀತದೆ, ಡೊಂಕು ಆದ್ರೂ ಯಾರೂ ಕೇಳಲ್ಲ, ಮುಗಿದ ಮರುದಿನದಿಂದ್ಲೇ ಕೆಲಸಕ್ಕೆ ಬರ್ತದೆ.

ಸ್ವಲ್ಪ ದಪ್ಪದ ಹತ್ತಿ ದಾರ, 4 ಮಿಲಿಮೀಟರ್ ಕಡ್ಡಿ, ಮೂವತ್ತು ಕುಣಿಕೆ. ಜಾರುಗಂಟು ಒಂದು ಹಾಕಿ ಕಡ್ಡಿಗೆ ಏರಿಸಿ, ಆಮೇಲೆ ಹೆಬ್ಬೆರಳಿಗೆ ದಾರ ಸುತ್ತಿ ಒಂದೊಂದೇ ಕುಣಿಕೆ ಕಡ್ಡಿಗೆ ದಾಟಿಸ್ತಾ ಹೋಗಿ. ಬಿಗಿ ಮಾಡ್ಬೇಡಿ, ಕುಣಿಕೆ ಕಡ್ಡಿ ಮೇಲೆ ಸಲೀಸಾಗಿ ಜಾರಬೇಕು. ಕಡ್ಡಿಯನ್ನ ಎಡಗೈಗೆ ಕೊಡಿ. ಈಗ ಬಲಗೈ ಕಡ್ಡಿ ಮೊದಲ ಕುಣಿಕೆಯ ಎಡಬದಿಯಿಂದ ಒಳಗೆ, ಹಿಂದೆ ಇರೋ ದಾರ ಅದರ ಮೇಲೆ ಒಂದು ಸುತ್ತು, ಆ ಸುತ್ತನ್ನ ಕುಣಿಕೆ ಒಳಗಿಂದ ಈಚೆ ಎಳೀರಿ, ಹಳೇ ಕುಣಿಕೆ ಎಡಗಡ್ಡಿಯಿಂದ ಬಿಡ್ರಿ. ಚುಚ್ಚು, ಸುತ್ತು, ಎಳಿ, ಬಿಡು. ಇಷ್ಟೇ ನಾಲ್ಕು ಕೆಲಸ, ಬಾಯಲ್ಲಿ ಹೇಳ್ಕೊಂಡೇ ಮಾಡಿ, ಮನೆಯವ್ರು ನಗಾಡಿದ್ರೆ ನಗಾಡ್ಲಿ. ಸಾಲು ಮುಗಿದಾಗ ಕಡ್ಡಿ ಅದಲು ಬದಲು, ಮತ್ತೆ ಅದೇ. ಎಲ್ಲಾ ಸಾಲೂ ಹೀಗೇ ಸೀದಾ ಹೆಣಿದ್ರೆ ಬಟ್ಟೆ ಚಪ್ಪಟೆಯಾಗಿ ದಪ್ಪ ದಪ್ಪ ಬರ್ತದೆ, ಮಸಿಬಟ್ಟೆಗೆ ಅದೇ ಬೇಕಾಗಿದ್ದು. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ (ದಾರ ಮುಂದಿಟ್ಟು ಹೆಣಿಯೋದು) ಮಾಡಿದ್ರೆ ನೋಡೋಕೆ ನುಣುಪು, ಆದ್ರೆ ಅಂಚು ಸುರುಳಿ ಸುತ್ಕೊಳ್ತದೆ. ಅದು ನಿಮ್ಮ ಕೈ ದೋಷ ಅಲ್ಲ, ಆ ಹೆಣಿಗೆಯ ಗುಣವೇ ಹಾಗೆ.

ಮೂವತ್ತು ಇದ್ದ ಕುಣಿಕೆ ಸ್ವಲ್ಪ ಹೊತ್ತಿಗೆ ಮೂವತ್ತೈದು ಆಗಿರ್ತದೆ, ಬಟ್ಟೆ ಒಂದ್ ಕಡೆ ಅಗಲ ಆಗ್ತಾ ಹೋಗ್ತದೆ. ಕಾರಣ ಹೆಚ್ಚಾಗಿ ಒಂದೇ, ಸಾಲಿನ ಶುರುವಲ್ಲಿ ದಾರವನ್ನ ಕಡ್ಡಿ ಮೇಲಿಂದ ಹಿಂದಕ್ಕೆ ಎಳ್ಕೊಂಡಿರ್ತೇವೆ, ಆಗ ಮೊದಲ ಕುಣಿಕೆಯ ಎರಡು ಕಾಲೂ ಮೇಲೆ ಬಂದು ಎರಡು ಕುಣಿಕೆ ಇದ್ದ ಹಾಗೆ ಕಾಣ್ತದೆ, ಎರಡನ್ನೂ ಹೆಣಿದುಬಿಡ್ತೇವೆ. ದಾರ ಯಾವಾಗ್ಲೂ ಕಡ್ಡಿಯ ಕೆಳಗಿಂದ ಹಿಂದಕ್ಕೆ ಹೋಗ್ಲಿ, ಸಾಲು ಮುಗಿದ ಕೂಡ್ಲೇ ಒಂದ್ ಸಲ ಎಣಿಸಿ. ಮೂಲೆಗೆ ಮೂಲೆ ಮಡಚಿದಾಗ ಸರಿ ತ್ರಿಕೋನ ಬಂತು ಅಂದ್ರೆ ಚೌಕ ಆಯ್ತು ಅಂತ. ಮುಗಿಸೋದು ಸುಲಭ, ಎರಡು ಕುಣಿಕೆ ಹೆಣೀರಿ, ಮೊದಲ್ನೇದನ್ನ ಎರಡನೇದರ ಮೇಲಿಂದ ದಾಟಿಸಿ ಬಿಡ್ರಿ, ಹೀಗೇ ಕೊನೇ ತನಕ.

ತೊಳೆದಾಗ ಹತ್ತಿ ಹೆಣಿಗೆ ನೀರು ಕುಡಿದು ಭಾರ ಆಗಿ ಉದ್ದಕ್ಕೆ ಜಗ್ತದೆ, ಅದ್ಕೆ ತಂತಿ ಮೇಲೆ ನೇತು ಹಾಕ್ಬೇಡಿ, ಚಾಪೆ ಮೇಲೆ ಹರಡಿ ಒಣಗ್ಸಿ.

ಕರೆಂಟು ಹೋಗೋದು ನಮ್ಮ ಮಳೆಗಾಲದ ಮಾಮೂಲು. ಕತ್ತಲ ಬಣ್ಣದ ದಾರ, ಅಂದ್ರೆ ಕಪ್ಪು, ಕಡುನೀಲಿ, ಮೊದ್ಲಿಗೆ ತರಬೇಡಿ, ಹಗಲು ಹೊತ್ತೇ ಕುಣಿಕೆ ಕಾಣಲ್ಲ. ತಿಳಿ ಬಣ್ಣ ಇದ್ರೆ ಮೇಣದಬತ್ತಿ ಬೆಳಕಲ್ಲೂ ನಡೀತದೆ, ಸ್ವಲ್ಪ ಅಭ್ಯಾಸ ಆದ್ಮೇಲೆ ಸೀದಾ ಸಾಲು ಬೆರಳಿಗೇ ಗೊತ್ತಾಗ್ತದೆ. ಕವಳ (ಎಲೆ ಅಡಿಕೆ) ಹಾಕೋ ರೂಢಿ ಇದ್ದವ್ರು ಮಾತ್ರ ಬಿಳಿ ದಾರದಿಂದ ದೂರ ಕೂತ್ಕಳಿ.

ಕ್ರೋಶಾ ಬಗ್ಗೆ ಚಿಕ್ಕದಾಗಿ

ನಿಟ್ಟಿಂಗಲ್ಲಿ ಮೂವತ್ತು ಕುಣಿಕೆ ಒಟ್ಟಿಗೆ ಜೀವಂತ ಇರ್ತದೆ, ಕ್ರೋಶಾದಲ್ಲಿ ಒಂದೇ. ಬಸ್ಸಲ್ಲಿ ಕೂತು ಮಾಡೋರಿಗೆ, ಮಗು ಮೈಮೇಲೆ ಹತ್ತೋ ಮನೆಯವ್ರಿಗೆ ಕ್ರೋಶಾ ವಾಸಿ, ಕಡ್ಡಿ ಬಿದ್ರೂ ಹೋಗೋದು ಒಂದೇ ಕುಣಿಕೆ. ಬಾಗಿಲ ತೋರಣ, ಹರಿವಾಣದ ಮೇಲಿನ ಮುಚ್ಚಳ ಬಟ್ಟೆ ಇವೆಲ್ಲಾ ನಮ್ಮ ಕಡೆ ಹಳೇ ಮನೆಗಳಲ್ಲಿ ಇದ್ದೇ ಇರ್ತದೆ, ಒಂದನ್ನ ಕೈಗೆತ್ತಿಕೊಂಡು ಹಿಂದೆ ಮುಂದೆ ನೋಡಿದ್ರೆ ಅರ್ಧ ಪಾಠ ಅಲ್ಲೇ ಆಗ್ತದೆ. ಒಂದು ಎಚ್ಚರಿಕೆ, ಇಂಟರ್ನೆಟ್ಟಿನ ಪ್ಯಾಟರ್ನಲ್ಲಿ ಅಮೆರಿಕದವ್ರು ಸಿಂಗಲ್ ಕ್ರೋಶೆ ಅನ್ನೋದನ್ನೇ ಬ್ರಿಟಿಷರು ಡಬಲ್ ಕ್ರೋಶೆ ಅಂತಾರೆ. ಯಾವ ದೇಶದ ಪ್ಯಾಟರ್ನ್ ಅಂತ ನೋಡ್ಕಳ್ದೇ ಮಾಡಿದ್ರೆ ತೋರಣ ಬಾಗಿಲಿಗಿಂತ ಉದ್ದ ಆಗ್ತದೆ.

ತಕಲಿ, ನನಗೆ ಎಲ್ಲಕ್ಕಿಂತ ಇಷ್ಟದ್ದು

ತಕಲಿ ಅಂದ್ರೆ ಬೆರಳಲ್ಲಿ ತಿರುಗಿಸಿ ನೂಲು ತೆಗೆಯೋ ಸಣ್ಣ ಕಡ್ಡಿ, ಕೆಳಗೆ ಒಂದು ಬಿಲ್ಲೆ, ಮೇಲೆ ಒಂದು ಕೊಕ್ಕೆ. ಬತ್ತಿ ಹೊಸೆಯೋಕೆ, ಗೆಜ್ಜೆವಸ್ತ್ರ ಮಾಡೋಕೆ ಬರ್ತದಾ ನಿಮಗೆ? ಹಾಗಾದ್ರೆ ನೂಲೋದು ಅರ್ಧ ಬಂದ ಹಾಗೇ. ಅರಳೆಯನ್ನ ತೆಳ್ಳಗೆ ಎಳೆಯೋದು, ಎಲ್ಲಿ ಕಡೀತದೆ ಅಂತ ಬೆರಳಿಗೆ ಗೊತ್ತಾಗೋದು, ಇದೇ ಅದರ ಮೂಲ. ಹಳೇ ಮನೆ ಅಟ್ಟದಲ್ಲಿ ಹುಡುಕಿದ್ರೆ ತಕಲಿ ಸಿಕ್ರೂ ಸಿಗ್ತದೆ, ಜನಿವಾರಕ್ಕೆ ನೂಲು ತೆಗೀತಿದ್ದ ಮನೆಗಳು ಇದ್ವು, 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಅಂಕೋಲಾ ಕಡೆಗೆ ಅಂತೂ ಖಾದಿ ಹೊಸತಲ್ಲ. ಸಿಗದಿದ್ರೆ ಖಾದಿ ಭಂಡಾರದಲ್ಲಿ ಕೇಳಿ, ಹಂಜಿಯನ್ನೂ, ಅಂದ್ರೆ ನೂಲೋಕೆ ಸುತ್ತಿಟ್ಟ ಅರಳೆ ಸುರುಳಿಯನ್ನೂ ಅಲ್ಲೇ ಕೇಳಿ. ಮೆಡಿಕಲ್ ಶಾಪಿನ ಹತ್ತಿ ಬೇಡ, ಅದ್ರ ಎಳೆ ಬಹಳ ಗಿಡ್ಡ, ಕೈಯಲ್ಲೇ ಉದುರ್ತದೆ. ಹತ್ತಿ ಜಾತಿಯಲ್ಲೂ ವ್ಯತ್ಯಾಸ ಇದೆ, ಧಾರವಾಡ ಕಡೆಯ ನಾಟಿ ಜಯಧರ್ ಹತ್ತಿ ಎಳೆ ಗಿಡ್ಡ, ಡಿಸಿಎಚ್-32 ಅನ್ನೋ ತಳಿಯ ಎಳೆ ಉದ್ದ. ಉದ್ದ ಎಳೆ ಇದ್ದಷ್ಟೂ ಹೊಸಬರ ಕೈಯಲ್ಲಿ ಕಡಿಯೋದು ಕಮ್ಮಿ.

ಮಾಡೋದು ಹೀಗೆ. ತಕಲಿ ಕಡ್ಡಿಗೆ ಒಂದು ಮೊಳ ಸಾದಾ ದಾರ ಕಟ್ಟಿ, ಮೇಲಿನ ಕೊಕ್ಕೆಗೆ ಸಿಕ್ಕಿಸಿ. ತೆಂಗಿನ ಗೆರಟೆ ಒಂದು ತಗಂಡು ಅದ್ರಲ್ಲಿ ತಕಲಿಯ ಕೆಳತುದಿ ಊರಿ, ಗಾಳಿಯಲ್ಲಿ ನೇತು ಬಿಟ್ರೆ ಅದ್ರ ಭಾರಕ್ಕೇ ಹೊಸಬರ ನೂಲು ಕಡೀತದೆ. ದಾರದ ತುದಿಯನ್ನ ಹಂಜಿ ತುದಿಯ ಅರಳೆಯೊಳಗೆ ಒಂದಿಂಚು ಸೇರಿಸಿ ಎಡಗೈಯಲ್ಲಿ ಹಗೂರ ಹಿಡ್ಕಳಿ. ಬಲಗೈ ಬೆರಳಲ್ಲಿ ತಕಲಿಗೆ ಒಂದು ಚಿಟಿಕೆ ತಿರುವು ಕೊಡಿ, ಗಡಿಯಾರದ ಮುಳ್ಳು ತಿರುಗೋ ಕಡೆಗೇ ಯಾವಾಗ್ಲೂ. ತಿರುವು ಮೇಲಕ್ಕೇರಿ ಹಂಜಿ ಮುಟ್ತಿದ್ದ ಹಾಗೇ ಎಡಗೈಯನ್ನ ನಿಧಾನ ಮೇಲಕ್ಕೆ ತಗಂಡು ಹೋಗಿ. ಹಂಜಿಯಿಂದ ಎಳೆ ತಾನೇ ಇಳಿದು ಬರ್ತದೆ, ಮೊದ್ಲು ನೋಡಿದಾಗ ಎಂತೋ ಮ್ಯಾಜಿಕ್ ಅನ್ನಿಸ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ನೂಲು ಎಲ್ಲಾ ಕಡೆ ಒಂದೇ ಸಮ ಬರಲ್ಲ, ಒಂದ್ ಕಡೆ ತೆಳು ಒಂದ್ ಕಡೆ ಗಡ್ಡೆ. ಹುರಿ, ಅಂದ್ರೆ ನೂಲಿಗೆ ಬೀಳೋ ತಿರುವು, ಮೊದ್ಲು ತೆಳು ಜಾಗಕ್ಕೇ ಓಡ್ತದೆ, ಅಲ್ಲಿ ಗಟ್ಟಿ ಆಗ್ತದೆ, ಗಡ್ಡೆ ಇದ್ದಲ್ಲಿ ಹುರಿ ಕಮ್ಮಿ ಇರೋದ್ರಿಂದ ಅದು ಸಡಿಲವಾಗೇ ಉಳೀತದೆ. ಆದ್ದರಿಂದ ಹುರಿ ಪೂರ್ತಿ ಆಗೋ ಮೊದ್ಲು ಎಡಗೈಯನ್ನ ಇನ್ನೊಂಚೂರು ಮೇಲೆ ಎಳೆದ್ರೆ ಗಡ್ಡೆಯೇ ಕರಗಿ ತೆಳ್ಳಗಾಗ್ತದೆ, ತೆಳು ಜಾಗ ಹಾಗೇ ಇರ್ತದೆ. ಗಡ್ಡೆಯನ್ನ ಬೆರಳಲ್ಲಿ ಚಿವುಟೋಕೆ ಹೋಗ್ಬೇಡಿ, ಎಳೀರಿ ಸಾಕು. ಆಮೇಲೆ ಇನ್ನೊಂದು ತಿರುವು ಕೊಟ್ಟು ಹುರಿ ಗಟ್ಟಿ ಮಾಡಿ. ಸಾಕಾ ಇಲ್ವಾ ಅಂತ ನೋಡೋಕೆ ನೂಲನ್ನ ಸ್ವಲ್ಪ ಸಡಿಲ ಬಿಡಿ, ತನಗೆ ತಾನೇ ಹೆಣ್ಕೊಂಡ್ರೆ ಹುರಿ ಸಾಕು, ಜೋಲು ಬಿದ್ರೆ ಇನ್ನೂ ಬೇಕು. ಹತ್ತಿಗೆ ಉಣ್ಣೆಗಿಂತ ಜಾಸ್ತಿ ಹುರಿ ಬೇಕು, ಎಳೆ ಗಿಡ್ಡ ಅಲ್ವಾ. ಆದ ನೂಲನ್ನ ಕೊಕ್ಕೆಯಿಂದ ಬಿಡಿಸಿ ಬಿಲ್ಲೆಯ ಹತ್ರ ಕಡ್ಡಿಗೆ ಸುತ್ತಿ, ಮತ್ತೆ ಕೊಕ್ಕೆಗೆ ಸಿಕ್ಕಿಸಿ, ಮುಂದಿನ ಎಳೆ. ಕಡೀತಾ? ಕಡಿದ ತುದಿಯನ್ನ ಬಿಚ್ಚಿ ಪುಸು ಪುಸು ಮಾಡಿ ಹಂಜಿ ಅರಳೆಗೆ ಸೇರಿಸಿ ಒಂದು ತಿರುವು, ಹತ್ಕಳ್ತದೆ. ಗಂಟು ಹಾಕ್ಬೇಡಿ.

ಮೊದಲ ದಿನ ಬರೋದು ಹುಳ ಹಿಡಿದ ಪಡವಲಕಾಯಿ ಥರದ ನೂಲು. ಬಿಸಾಡ್ಬೇಡಿ, ಅದನ್ನೇ ಎರಡೆಳೆ ಮಾಡಿ ತಕಲಿಯನ್ನ ವಿರುದ್ಧ ದಿಕ್ಕಿಗೆ ತಿರುಗಿಸಿ ಹುರಿ ಹಾಕಿದ್ರೆ ಒಂದರ ಗಡ್ಡೆ ಇನ್ನೊಂದರ ತೆಳುವಿಗೆ ಕೂತು ಎಷ್ಟೋ ಸಮ ಆಗ್ತದೆ, ಮಸಿಬಟ್ಟೆಗೆ ನಡೀತದೆ. ನೂಲನ್ನ ಉದ್ದ ಸುತ್ತಿನ ಲಡಿ ಮಾಡಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಚೂರು ಸೋಪು ಹಾಕಿ ಕಾಲು ಗಂಟೆ ಕುದಿಸಿ. ನೀರು ಚಹಾ ಬಣ್ಣಕ್ಕೆ ಬರ್ತದೆ, ಹೆದರಬೇಡಿ, ಹತ್ತಿಯ ಮೈಮೇಲಿನ ಮೇಣ ಬಿಡೋದು ಅದು. ಕುದಿಸಿದ ಮೇಲೆ ಹುರಿ ಕೂತು ಸುರುಳಿ ಸುತ್ತೋದು ನಿಲ್ತದೆ. ಮಳೆಗಾಲದಲ್ಲಿ ಬಚ್ಚಲ ಒಲೆ ಮೇಲೆ ಒಣಗಿಸಿದ್ರೆ ಹೊಗೆ ವಾಸನೆ ಹೋಗಲ್ಲ, ಫ್ಯಾನಿನ ಕೆಳಗೇ ಒಂದು ದಿನ ಹೆಚ್ಚು ಇಡಿ. ತಕಲಿ ಕೈ ಹಿಡಿದ ಮೇಲೆ ಪೆಟ್ಟಿಗೆ ಚರಕಕ್ಕೆ ಹೋಗ್ಬಹುದು, ಗಾಂಧೀಜಿ ಯೆರವಡಾ ಜೈಲಲ್ಲಿದ್ದಾಗ ರೂಪ ತಗಂಡಿದ್ದು ಅದು, ಮಡಚಿದ್ರೆ ಸೂಟ್‌ಕೇಸಿನಂತೆ. ವೇಗ ಜಾಸ್ತಿ, ಆದ್ರೆ ತಕಲಿ ಬಾರದವ್ರಿಗೆ ಚರಕದಲ್ಲಿ ಬರೀ ಕಡಿಯೋದೇ ಆಗ್ತದೆ.

ಬಣ್ಣಕ್ಕೆ ಅಡಿಕೆ ಚೊಗರು

ಇದು ಕೊಯ್ಲಿನ ಹೊತ್ತಿನ ಕೆಲಸ. ಕೆಂಪಡಿಕೆ ಮಾಡೋ ಮನೆಗಳಲ್ಲಿ ಅಡಿಕೆ ಬೇಯಿಸಿ ಉಳಿದ ಚೊಗರು ಸಿಗ್ತದೆ, ನೆಂಟರಿಷ್ಟರಲ್ಲಿ ಯಾರಿಗಾದ್ರೂ ಹೇಳಿಟ್ರೆ ಒಂದು ಬಾಟ್ಲಿ ಕೊಡ್ತಾರೆ. ಸಾಗರ ಹತ್ರ ಹೆಗ್ಗೋಡಿನ ಚರಕ ಸಂಸ್ಥೆಯವ್ರು ಕೈಮಗ್ಗದ ಬಟ್ಟೆಗೆ ಈ ಬಣ್ಣ ಬಳಸ್ತಾರೆ, ನೋಡಿದ್ರೆ ಗೊತ್ತಾಗ್ತದೆ, ಆ ಕಂದುಗೆಂಪು ಬೇರೆ ಯಾವುದ್ರಲ್ಲೂ ಬರಲ್ಲ.

ನೂರು ಗ್ರಾಂ ಹತ್ತಿ ನೂಲು ಅಂತ ಇಟ್ಕಳಿ. ಮೊದ್ಲು ಒಂದು ಚಮಚ ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಒಂದು ಗಂಟೆ ಕುದಿಸಿ ಚೆನ್ನಾಗಿ ತೊಳೀರಿ, ಮೇಣ ಹೋಗದೇ ಬಣ್ಣ ಹಿಡಿಯಲ್ಲ. ಚೊಗರನ್ನ ನೂಲು ಮುಳುಗೋವಷ್ಟು ನೀರಲ್ಲಿ ಕಲಸಿ, ಒದ್ದೆ ಲಡಿಯನ್ನೇ ಹಾಕಿ, ಸಣ್ಣ ಉರಿಯಲ್ಲಿ ಒಂದು ಗಂಟೆ, ಆಮೇಲೆ ರಾತ್ರಿ ಇಡೀ ಹಾಗೇ ಬಿಡಿ. ಮರುದಿನ ಹಿಂಡಿ, ಹತ್ತು ಹದಿನೈದು ಗ್ರಾಂ ಪಟಿಕ ಕರಗಿಸಿದ ಬಿಸಿನೀರಲ್ಲಿ ಅರ್ಧ ಗಂಟೆ ಅದ್ದಿಟ್ಟು ನೆರಳಲ್ಲಿ ಒಣಗ್ಸಿ. ಬೂದು ಕಪ್ಪು ಬೇಕಂದ್ರೆ ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಒಂದು ಡಬ್ಬಿಯಲ್ಲಿ ಎರಡು ವಾರ ಕೊಳೆಸಿ, ಆ ನೀರು ಸ್ವಲ್ಪವೇ ಸ್ವಲ್ಪ ಬೇರೆ ನೀರಿಗೆ ಹಾಕಿ ಚೊಗರಲ್ಲಿ ಅದ್ದಿದ ನೂಲನ್ನ ಮುಳುಗಿಸಿ, ಕಣ್ಣೆದುರೇ ಕಪ್ಪಾಗ್ತದೆ. ಕಬ್ಬಿಣದ ಅಂಶ ಜಾಸ್ತಿ ಆದ್ರೆ ನೂಲು ಲಡ್ಡಾಗ್ತದೆ, ಹಾಗಾಗಿ ಆಸೆ ಬುರುಕತನ ಬೇಡ. ಇದಕ್ಕೆಲ್ಲಾ ಅಡುಗೆ ಪಾತ್ರೆ ಬಳಸ್ಬೇಡಿ, ಒಂದು ಹಳೇ ಪಾತ್ರೆ ಇದಕ್ಕೇ ಅಂತ ಇಡಿ. ಮೊದಲ ಕೆಲವು ಸಲ ಬೇರೆಯಾಗೇ ತೊಳೀರಿ, ಇಲ್ಲಾಂದ್ರೆ ಮನೆ ಪಂಚೆಗಳೆಲ್ಲಾ ಕೆಂಪು.

ಇದು ಹೆಂಗಸರ ಕೆಲಸ ಅನ್ನೋರಿಗೆ

ಕಾರವಾರದ ಬೈತಖೋಲ್ ಬಂದರಿಗೆ ಜೂನ್ ಜುಲೈಯಲ್ಲಿ ಹೋಗಿ ನೋಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರ್ತದಲ್ಲ, ಆ ಹೊತ್ತಲ್ಲೇ ಬಲೆ ರಿಪೇರಿ. ಗಂಡಸರು ಸಾಲಾಗಿ ಕೂತು, ದಾರ ತುಂಬಿದ ಚಪ್ಪಟೆ ಸೂಜಿಯಲ್ಲಿ, ಮಾತಾಡ್ತಾ ಮಾತಾಡ್ತಾ ಕಣ್ಣು ಬೇರೆ ಕಡೆ ಇದ್ರೂ ಕೈ ತಪ್ಪದೇ ಗಂಟು ಹಾಕ್ತಿರ್ತಾರೆ. ಕೇಳಿದ್ರೆ ಕಲಿಸ್ತಾರೆ, ಗೌರವದಿಂದ ಕೇಳ್ಬೇಕು ಅಷ್ಟೇ, ಕೆಲಸದ ಮಧ್ಯೆ ವೀಡಿಯೋ ಹಿಡ್ಕೊಂಡು ಮೈಮೇಲೆ ಬೀಳ್ಬಾರ್ದು. ಆ ಒಂದು ಗಂಟು ಬಂದ್ರೆ ಹತ್ತಿ ಹುರಿಯಲ್ಲಿ ತರಕಾರಿ ಚೀಲ ಹೆಣಿಬಹುದು, ಬಲೆಯ ಕಣ್ಣು, ಅಂದ್ರೆ ತೂತು, ಒಂದೇ ಸಮ ಬರೋಕೆ ಎರಡು ಬೆರಳಗಲದ ಬಿದಿರು ಪಟ್ಟಿ ಒಂದು ಅಳತೆಗೆ ಇಟ್ಕಂಡ್ರೆ ಸಾಕು.

ಇನ್ನು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ಬಗ್ಗೆ ಬರೀಲಿಕ್ಕೆ ಬೇರೆಯೇ ಲೇಖನ ಬೇಕು. ಹಳೇ ಸೀರೆ, ಪಂಚೆ ತುಂಡುಗಳನ್ನ ಇಟ್ಟು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತು ಬರ್ತಾ ಬರ್ತಾ ನಡುವಿಗೆ ಬಂದು ಮುಗಿಸ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು. ಕೊಳ್ಳೋದಿದ್ರೆ ಅವ್ರ ಹತ್ರವೇ ಕೊಳ್ಳಿ, ಚೌಕಾಸಿ ಮಾಡ್ಬೇಡಿ, ಅದ್ರ ಒಂದೊಂದು ಹೊಲಿಗೆಯೂ ಕೈದು.

ಇಡೋದು, ಕಾಪಾಡೋದು

ದಾರವನ್ನ ಬಟ್ಟೆ ಚೀಲದಲ್ಲಿಟ್ಟು ಗೋಡೆ ಮೂಲೆಗೆ ತಳ್ಳಿದ್ರೆ ಆಗಸ್ಟಿಗೆ ಬೂಷ್ಟು ಗ್ಯಾರಂಟಿ. ಬಿಗಿ ಮುಚ್ಚಳದ ಡಬ್ಬಿ ಬೇಕು, ಡಬ್ಬಿಗೆ ಹಾಕೋ ಮೊದ್ಲು ದಾರ ಪೂರ್ತಿ ಒಣಗಿರ್ಬೇಕು, ಹಸಿ ಒಳಗೇ ಉಳಿದ್ರೆ ಡಬ್ಬಿ ಇನ್ನೂ ಅಪಾಯ. ಮಳೆ ಬಿಟ್ಟ ದಿನ ಮುಚ್ಚಳ ತೆಗೆದು ಗಾಳಿಗಿಡಿ. ಗಂಜಿ ಹಾಕಿದ ಕ್ರೋಶಾ ಬಟ್ಟೆಯನ್ನ ಗಂಜಿ ತೊಳೆದೇ ಎತ್ತಿಡಿ, ಬೆಳ್ಳಿಹುಳಕ್ಕೆ ಗಂಜಿ ಅಂದ್ರೆ ಹಬ್ಬ. ಉಣ್ಣೆ ಇದ್ರೆ ತೊಳೆದು ಒಣಗಿಸಿ ಇಡಿ, ನುಸಿಗೆ ಕೊಳಕು ಉಣ್ಣೆಯೇ ಹೆಚ್ಚು ಇಷ್ಟ. ಲಾವಂಚದ ಬೇರು ಹಾಕಿದ್ರೆ ಘಮ ಬರ್ತದೆ, ಹುಳ ಅದ್ರಿಂದಲೇ ಹೋಗ್ತದೆ ಅಂತ ನಂಬಿ ಕೂರ್ಬೇಡಿ.

ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಿ. ಮಣಿಕಟ್ಟು ನೋವು ಬಂದ್ರೆ ಎರಡು ದಿನ ಬಿಡಿ, ಹಟ ಮಾಡಿದ್ರೆ ಒಂದು ತಿಂಗಳು ಬಿಡೋ ಹಾಗಾಗ್ತದೆ. ಮತ್ತೆ ನೋಡಿದವ್ರೆಲ್ಲಾ "ಮಾರ್ತ್ರಾ? ನಮ್ಮ ಮೊಮ್ಮಗಂಗೊಂದು ಟೋಪಿ ಮಾಡ್ಕೊಡಿ" ಅಂತಾರೆ. ನನ್ನ ಸಲಹೆ, ಮೊದಲ ವರ್ಷ ಯಾರ ಆರ್ಡರೂ ತಗಳ್ಬೇಡಿ, ಚೌತಿ ಒಳಗೆ ಕೊಡ್ಬೇಕು ಅಂತ ಕೂತ ಕೂಡ್ಲೇ ಹವ್ಯಾಸ ಹೋಗಿ ಬಾಕಿ ಕೆಲಸ ಆಗ್ತದೆ. ಕೊಡಲೇಬೇಕು ಅನ್ನಿಸಿದ್ರೆ ಮಾಡಿಟ್ಟದ್ದನ್ನ ಕೊಡಿ, ಹೇಳಿಸ್ಕೊಂಡು ಮಾಡ್ಬೇಡಿ.

ಮನಸ್ಸಿಗೆ ಬಾರದ ಹೆಣಿಗೆಯನ್ನ ಬಿಚ್ಚೋಕೆ ಬೇಜಾರು ಮಾಡ್ಕಳ್ಬೇಡಿ. ಬಿಚ್ಚಿದ ದಾರ ಗುಂಗುರು ಗುಂಗುರು ಇರ್ತದೆ, ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ ಬಿಸಿನೀರಲ್ಲಿ ಅದ್ದಿ ನೇತು ಹಾಕಿ, ಒಣಗೋವಷ್ಟ್ರಲ್ಲಿ ಸೀದಾ ಆಗ್ತದೆ, ಮತ್ತೆ ಹೊಸ ದಾರವೇ. ಉಳಿದ ತುಂಡು ಹತ್ತಿ ದಾರ ಸೂಜಿದಿಂಬಿಗೆ ತುಂಬೋಕೆ ಬರ್ತದೆ. ಅಕ್ರಿಲಿಕ್ ತುಂಡುಗಳನ್ನ ಮಾತ್ರ ಬಚ್ಚಲ ಒಲೆಗೆ ಹಾಕ್ಬೇಡಿ, ಅದನ್ನ ಪ್ಲಾಸ್ಟಿಕ್ ಕಸದ ಜೊತೆಗೇ ಕೊಡಿ.